ಬೆನ್ನಷ್ಟೇ ಬರೆದ ಚಿತ್ರ

ಎಪ್ಪತ್ತರ ದಶಕದಲ್ಲಿ ನಾನು ಶ್ರೀರಾಂಪುರದಲ್ಲಿ ಡ್ರಾಯಿಂಗ್ ಮೇಷ್ಟ್ರು. ಮೂವತ್ತು ದಾಟಿಯೂ ಮದುವೆಯಾಗದ ಗಂಡಸಿನ ಮೇಲೆ ಊರಿಗೆ ಒಂದು ಕಣ್ಣು ಇದ್ದೇ ಇರುತ್ತದೆ. ನನಗೂ ಊರಿನ ಮೇಲೆ ಎರಡು ಕಣ್ಣು. ಹೋಟೆಲಿನಲ್ಲಿ ಯಾರಾದರೂ ನಕ್ಕರೆ ನನ್ನನ್ನು ನೋಡಿಯೇ ನಕ್ಕರೆಂದು ಟೀ ಅರ್ಧಕ್ಕೇ ಬಿಟ್ಟು ಏಳುತ್ತಿದ್ದೆ.

ಕಾರಣ ಇತ್ತು. ಮಾಡದಕೆರೆ ಕಡೆಯ ಒಬ್ಬ ಕುರಿಗಾರನನ್ನು ಪ್ರೀತಿಸುತ್ತಿದ್ದೆ. ಅವನಿಗೂ ನನ್ನದೇ ವಯಸ್ಸು. ಭಾನುವಾರ ಬಂತೆಂದರೆ ಬಣ್ಣದ ಡಬ್ಬಿ ಹೊತ್ತು ಅವನ ಕುರಿ ಮೇಯುವ ಗುಡ್ಡಕ್ಕೆ ಹೋಗುತ್ತಿದ್ದೆ. ಅವನು ಅಂಗಿ ಬಿಚ್ಚಿ ಬಂಡೆಯ ಮೇಲೆ ಕೂರುತ್ತಿದ್ದ. ಬೆನ್ನಿನ ಮೇಲೆ ಜಾಲಿಯ ನೆರಳು ಅಲ್ಲಾಡುತ್ತಿತ್ತು. ಕುಂಚ ಅದ್ದುವುದನ್ನೂ ಮರೆತು ನಾನು ಆಸೆಯಿಂದ ನೋಡುತ್ತಿದ್ದೆ.

"ಬರೀತೀರೋ, ಬರೇ ನೋಡ್ತೀರೋ?" ಎಂದು ಅವನು ಛೇಡಿಸಿದರೆ, ಯಾರೂ ಇಲ್ಲವೆಂದು ಗೊತ್ತಿದ್ದೂ ಸುತ್ತ ನೋಡುತ್ತಿದ್ದೆ.

"ನನ್ ಮಕ ಯಾಕ್ರಿ ಬರೆಯಲ್ಲ?" ಎಂದು ಒಮ್ಮೆ ಕೇಳಿದ.

"ಯಾರಾದ್ರೂ ಗುರುತು ಹಿಡಿದ್ರೆ?"

"ಹಿಡೀಲಿ ಬಿಡ್ರಿ."

ನಾನು ಬೆನ್ನಷ್ಟೇ ಬರೆದೆ. ಸುತ್ತಲಿನ ಕುರಿಗಳನ್ನು ಮಾತ್ರ ಇದ್ದದ್ದು ಇದ್ದ ಹಾಗೆ ಬರೆದೆ. ಚಿತ್ರವನ್ನು ನನ್ನ ಬಾಡಿಗೆ ಕೋಣೆಯ ಗೋಡೆಗೆ ಹಾಕಿದೆ.

ಒಂದು ಸಂಜೆ ಅವನ ಅಣ್ಣ ನಾನು ಹೇಳಿದ್ದ ಕಂಬಳಿ ತಂದ. ಹಿಂದೆಯೇ ಬಂದ ಇವನು ಬಾಗಿಲಲ್ಲಿ ನಿಂತ. ಅಣ್ಣ ಚಿತ್ರದ ಹತ್ತಿರ ಹೋಗಿ, "ಲೇ, ಇದು ನಮ್ ಕರಿಮೂತಿ ಐತಲ್ಲ! ಇಲ್ ನೋಡು, ಇದರವ್ವ. ಇದು ತೋಳ ಕಿವಿ ಹರಿದಿದ್ದು!" ಎಂದು ಒಂದೊಂದನ್ನೇ ಮುಟ್ಟಿ ಹೇಳಿದ. ಕುರಿಗಾರರು ಒಂದೊಂದು ಕುರಿಯನ್ನೂ ಮುಖ ನೋಡಿಯೇ ಗುರುತಿಸುತ್ತಾರೆಂದು, ಅಯ್ಯೋ, ಚಿತ್ರದುರ್ಗದ ಪೇಟೆಯಲ್ಲಿ ಬೆಳೆದ ನನಗೆ ಹೊಳೆದಿರಲೇ ಇಲ್ಲ.

"ಇಲ್ಲಿ ಕುಂತಿರೋನು ಯಾರ್ರಿ ಮೇಷ್ಟ್ರೇ?"

ಅದು ಅನುಮಾನವೋ, ಬರೀ ಕುತೂಹಲವೋ, ಇವತ್ತಿಗೂ ತಿಳಿಯದು. ಬಾಗಿಲ ಕಡೆ ನೋಡದೆ, "ಅವನಾ? ಯಾರೂ ಅಲ್ಲ. ಜಾಗ ಖಾಲಿ ಇತ್ತು ಅಂತ ಬರೆದೆ," ಅಂದೆ.

ಅಣ್ಣ ನಕ್ಕ. ಇವನು ನಗಲಿಲ್ಲ.

ಮುಂದಿನ ಭಾನುವಾರ ಗುಡ್ಡ ಹತ್ತಿದಾಗ ಅವನು ಅಂಗಿ ಬಿಚ್ಚದೆ ನಿಂತೇ ಇದ್ದ.

"ವಾಪಸ್ ಹೋಗ್ತಾ ದಾರೀಲೇ ನಮ್ಮಣ್ಣಂಗೆ ಹೇಳ್ದೆ, ಅದು ನಾನೇ ಅಂತ," ಅಂದ. "ನೀವ್ಯಾಕ್ರಿ ಹೇಳ್ಲಿಲ್ಲ?"

ಥೂ, ಆಗಲಾದರೂ ಅವನ ಕೈ ಹಿಡಿಯಬಾರದಿತ್ತೇ? ನನ್ನ ಬಾಯಿಂದ ಬಂದದ್ದು, "ನಿಮ್ಮಣ್ಣ ಏನಂದ? ಊರಲ್ಲಿ ಯಾರಿಗಾದ್ರೂ ಹೇಳ್ತಾನಾ?"

ಅವನು ಕುರಿಗಳನ್ನು ಎಬ್ಬಿಸಿಕೊಂಡು ಗುಡ್ಡದ ಆ ಕಡೆಗೆ ಇಳಿದು ಹೋದ.