ಎಡಗಾಲು ಊರಲಾಗದ ಸವಾರ

೧೯೮೩ರಲ್ಲಿ ನಾನು ಕೃಷ್ಣಗಿರಿಯಲ್ಲಿ ಮೋಟಾರು ವಾಹನ ನಿರೀಕ್ಷಕನಾಗಿದ್ದೆ. ಆ ಉದ್ದನೆಯ ಹೆಸರು ಬೋರ್ಡಿನ ಮೇಲಷ್ಟೇ. ಜನರ ಬಾಯಲ್ಲಿ ನಾನು ಬ್ರೇಕ್ ಇನ್ಸ್‌ಪೆಕ್ಟರು. ವಾರಕ್ಕೊಂದು ದಿನ ಹೊಸೂರಿನಲ್ಲಿ ಕ್ಯಾಂಪು. ಊರಾಚೆಯ ಮೈದಾನದಲ್ಲಿ ಸುಣ್ಣದ ಪುಡಿಯಿಂದ ಇಂಗ್ಲಿಷಿನ ಎಂಟು ಬರೆಸಿ, ಲೈಸೆನ್ಸಿಗೆ ಬಂದವರನ್ನು ಅದರ ಮೇಲೆ ಓಡಿಸಿ ನೋಡುತ್ತಿದ್ದೆ. ಎಂಟು ಮುಗಿಯುವ ಮುಂಚೆ ಕಾಲು ನೆಲಕ್ಕೆ ತಾಗಿದರೆ ಫೇಲು. ಅಲ್ಲೇ ಗಡಿಯ ಬಾಗಲೂರು ಕಡೆಯವನಾದ ನನಗೆ ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತಮಿಳು, ಕೋಪ ಬಂದರೆ ತೆಲುಗು. ಕೋಪ ಬೇಗ ಬರುತ್ತಿತ್ತು ಎಂಬ ಹೆಸರೂ ಇತ್ತು. ಅದೇನೂ ಸುಳ್ಳಲ್ಲ.

ಅಂಥ ಒಂದು ಕ್ಯಾಂಪಿಗೆ ಅಂಚೆಟ್ಟಿ ಕಡೆಯಿಂದ ಗಂಡ ಹೆಂಡತಿ ಬಂದರು. ಗಂಡ ತಿಮ್ಮರಾಯಪ್ಪ, ನಲವತ್ತರ ಆಸುಪಾಸು, ರಾಗಿ ಹುರುಳಿ ಬೆಳೆಯುವ ರೈತ. ಹೆಂಡತಿ ಸರೋಜಮ್ಮ ಸರ್ಕಾರಿ ನರ್ಸು. ಬೆಟ್ಟದ ಹಳ್ಳಿಗಳಿಗೆ ಹೋಗಿ ಹೆರಿಗೆ ಮಾಡಿಸುವ ಕೆಲಸ. ಗಂಡನ ಲೈಸೆನ್ಸ್ ಅವಧಿ ಮುಗಿದಿತ್ತು, ರಿನ್ಯೂವಲ್ ಆಗಬೇಕಿತ್ತು. ಸಾಮಾನ್ಯವಾಗಿ ಅದಕ್ಕೆ ಮತ್ತೆ ಗಾಡಿ ಓಡಿಸಿ ತೋರಿಸಬೇಕಿಲ್ಲ. ಆದರೆ ಈ ಮನುಷ್ಯನಿಗೆ ಸೊಂಟದ ಕೀಲಿನ ಆಪರೇಷನ್ ಆಗಿದ್ದುದರಿಂದ, ಓಡಿಸಲು ತಕ್ಕವನೋ ಅಲ್ಲವೋ ಪರೀಕ್ಷಿಸಿ ತೀರ್ಮಾನಿಸಿ ಎಂದು ಸರ್ಕಾರಿ ವೈದ್ಯರು ಬರೆದು ನನ್ನ ತಲೆಗೆ ಕಟ್ಟಿದ್ದರು.

ಆಪರೇಷನ್ ಎಂಥದ್ದೆಂದು ಸರೋಜಮ್ಮನೇ ಬಿಡಿಸಿ ಹೇಳಿದರು. ಎಡಸೊಂಟದ ಕೀಲಿಗೆ ಕ್ಷಯ ತಗುಲಿ ಒಳಗೆಲ್ಲ ಹಾಳಾಗಿತ್ತು. ಬೆಂಗಳೂರಿನ ಡಾಕ್ಟರು ಎರಡು ದಾರಿ ಹೇಳಿದ್ದರಂತೆ. ಒಂದು, ಕೀಲನ್ನೇ ಬೆಸೆದುಬಿಡುವುದು. ಆಗ ಕಾಲು ಗಟ್ಟಿ, ಮೈಲಿಗಟ್ಟಲೆ ನಡೆಯಬಹುದು. ಆದರೆ ಮಡಚಲಾಗದು, ಚಕ್ಕಂಬಕ್ಕಳ ಹಾಕಲಾಗದು, ಮೋಟಾರ್‌ಸೈಕಲ್ಲಿನ ಮೇಲೆ ಕಾಲು ಅಗಲಿಸಿ ಕೂರಲಾಗದು. ಇನ್ನೊಂದು, ತೊಡೆಮೂಳೆಯ ಗುಂಡು ತಲೆಯನ್ನು ತೆಗೆದುಬಿಡುವುದು. ಆಗ ಕಾಲು ಬೇಕಾದ ಕಡೆ ತಿರುಗುತ್ತದೆ, ಕೂರಬಹುದು, ಏಳಬಹುದು. ಆದರೆ ಕಾಲು ಗಿಡ್ಡವಾಗುತ್ತದೆ, ಮೈಭಾರ ತಡೆಯುವುದಿಲ್ಲ.

"ಯಾವುದಾದ್ರೂ ಒಂದು ಹೇಳಪ್ಪ ಅಂದ್ರು ಸಾರ್," ಎಂದ ತಿಮ್ಮರಾಯಪ್ಪ. "ಗಾಡಿ ಮ್ಯಾಲೆ ಕೂರೋಕಾಗೋ ಕಾಲೇ ಮಾಡಿ ಅಂದ್ಬುಟ್ಟೆ. ಇವಳ್ನ ಕರ್ಕೊಂಡೋಗೋರು ಯಾರು ಮತ್ತೆ? ನಮ್ಕಡೆ ಬಸ್ಸು ಅಂದ್ರೆ ಕಾಯ್ಬೇಕು, ಕಾಯ್ಬೇಕು, ಆಮ್ಯಾಲೆ ನಡ್ಕೊಂಡೋಗ್ಬೇಕು."

ನಡೆಯುವ ಕಾಲು ಬಿಟ್ಟು ಗಾಡಿಯ ಕಾಲು ಆರಿಸಿಕೊಂಡ ಮನುಷ್ಯ! ನನ್ನ ಸರ್ವೀಸಿನಲ್ಲಿ ಎಷ್ಟೋ ಜನ ಗಾಡಿಹುಚ್ಚಿನವರನ್ನು ಕಂಡಿದ್ದೆ. ಇದು ಆ ಹುಚ್ಚಲ್ಲ. ಮನಸ್ಸಿನಲ್ಲೇ ಭಲೇ ಎಂದುಕೊಂಡು, ಬಾಯಲ್ಲಿ ಮಾತ್ರ "ಸರಿ, ಗಾಡಿ ತಗೊಂಬಾ" ಎಂದು ಗದರಿದೆ.

ಇಬ್ಬರೂ ಗಾಡಿ ಹೊರಡಿಸುವುದನ್ನು ನೋಡಬೇಕಿತ್ತು. ಸ್ಟ್ಯಾಂಡಿನ ಮೇಲೆ ನಿಂತ ಹಳೆಯ ಮೋಟಾರ್‌ಸೈಕಲ್ಲಿಗೆ ಅವನು ಎರಡೂ ಕೈಯಿಂದ ಎಡಗಾಲನ್ನು ಎತ್ತಿ ಸೇರಿಸಿಕೊಂಡು ಕೂತ. ಆಕೆ ಬಿಳಿ ಸೀರೆಯ ಸೆರಗು ಸಿಕ್ಕಿಸಿ, ಪಕ್ಕದಲ್ಲಿ ನಿಂತು ತಾನೇ ಕಿಕ್ ಹೊಡೆದರು. ಹಿಂದಿನಿಂದ ಒಂದು ದಬ್ಬು ದಬ್ಬಿ ಗಾಡಿಯನ್ನು ಸ್ಟ್ಯಾಂಡಿನಿಂದ ಇಳಿಸಿ, ಎಡಗಡೆ ಹೆಗಲು ಕೊಟ್ಟು ಹಿಡಿದು, ಅದು ಹೊರಟ ಕೂಡಲೇ ಓಡಿ ಹಾರಿ ಪಕ್ಕಕ್ಕೆ ಕಾಲು ಇಳಿಬಿಟ್ಟು ಕೂತರು. ಒಂದು ಸುತ್ತು ಬಂದರು. ನಿಲ್ಲಿಸುವಾಗ ಗಾಡಿ ಪೂರ್ತಿ ನಿಲ್ಲುವ ಮೊದಲೇ ಆಕೆ ಎಡಕ್ಕೆ ಧುಮುಕಿ, ಅದು ವಾಲದಂತೆ ಆತು ಹಿಡಿದರು. ಎಲ್ಲವೂ ನೀರು ಕುಡಿದಷ್ಟು ಸಲೀಸು. ಲೈಸೆನ್ಸಿಗೆ ಬಂದು ಸುತ್ತ ನಿಂತಿದ್ದ ಹೊಸೂರಿನ ಕಾರ್ಖಾನೆ ಹುಡುಗರು ಶಿಳ್ಳೆ ಹಾಕಿದರು.

"ಚೆನ್ನಾಗಿದೆ," ಎಂದೆ. "ಈಗ ಒಬ್ಬನೇ."

ಇಬ್ಬರ ಮುಖವೂ ಇಳಿದುಹೋಯಿತು.

"ಒಬ್ನೇ ಯಾವತ್ತೂ ಹೋಗಾಕಿಲ್ಲ ಸಾರ್," ಎಂದ ಅವನು. "ಇವಳ್ನ ಅಲ್ಲಿ ಬುಟ್ಟು ವಾಪಸ್ ಬರೋದೂ ಇಲ್ಲ. ಹೆರಿಗೆ ಆಗೋಗಂಟ ಅವರ ಜಗುಲಿ ಮ್ಯಾಲೆ ಕೂತಿರ್ತೀನಿ."

"ಇರಬಹುದಪ್ಪಾ. ಆದರೆ ಲೈಸೆನ್ಸಿನಲ್ಲಿ ಒಬ್ಬರ ಹೆಸರೇ ಇರುವುದು."

ಸರೋಜಮ್ಮನನ್ನು ಮೈದಾನದ ಸುತ್ತ ಕಟ್ಟಿದ್ದ ಹಗ್ಗದ ಆಚೆ ನಿಲ್ಲಿಸಿದೆ. ನಮ್ಮ ಪ್ಯೂನ್ ಗಾಡಿ ಹೊರಡಿಸಿಕೊಟ್ಟ. ತಿಮ್ಮರಾಯಪ್ಪ ಎಂಟು ಹಾಕಿದ. ಸತ್ಯ ಹೇಳುತ್ತೇನೆ, ಅಷ್ಟು ಚೊಕ್ಕವಾದ ಎಂಟನ್ನು ಆ ದಿನ ಬೇರೆ ಯಾರೂ ಹಾಕಲಿಲ್ಲ. ಗೇರು ಬದಲಿಸಿದ, ಕೈ ಸಿಗ್ನಲ್ ತೋರಿಸಿದ. ನಾನು ನಿಲ್ಲಿಸು ಎಂದು ಕೈ ಎತ್ತಿದೆ.

ಅವನು ನನ್ನ ಮುಂದಿನಿಂದ ಹಾದುಹೋದ. ಮತ್ತೊಂದು ಸುತ್ತು ಬಂದು ಮತ್ತೆ ಹಾದುಹೋದ. ಬಲಗಾಲು ಊರಬಾರದೇ ಎಂದು ನೀವು ಕೇಳಬಹುದು. ಅದನ್ನೂ ಮಾಡಿ ನೋಡಿದ. ಬಲಗಾಲು ಬ್ರೇಕಿನ ಮೇಲಿರುತ್ತದೆ. ಅದನ್ನು ತೆಗೆದು ಬಲಕ್ಕೆ ವಾಲಿದರೆ, ಎಡತೊಡೆಗೆ ಟ್ಯಾಂಕನ್ನು ಒತ್ತಿ ಹಿಡಿಯುವ ಬಲವಿಲ್ಲದೆ ಮೈಯೇ ಸೀಟಿನಿಂದ ಜಾರುತ್ತಿತ್ತು. ಎರಡು ಸಲ ಹಾಗೆ ಜಾರಿ, ಎರಡು ಸಲವೂ ಗಾಬರಿಯಲ್ಲಿ ಆಕ್ಸಿಲರೇಟರ್ ತಿರುಗಿಸಿ ಮುಂದಕ್ಕೆ ಹೋದ. ಬಿದ್ದರೆ ಆ ಸೊಂಟದ ಗತಿ ಏನೆಂದು ಅವನಿಗೂ ಗೊತ್ತು, ನನಗೂ ಗೊತ್ತು.

"ವಂಡಿಯ ನಿಪ್ಪಾಟ್ಟಪ್ಪಾ!" ಗಾಡಿ ನಿಲ್ಲಿಸಪ್ಪಾ ಎಂದು ಯಾರೋ ತಮಿಳಿನಲ್ಲಿ ಕೂಗಿದರು. ಜನ ನಕ್ಕರು. ಸರೋಜಮ್ಮ ಹಗ್ಗ ಹಿಡಿದು ನಿಂತಿದ್ದರು. ಓಡಿಬರಲು ಕಾಲು ಮುಂದಿಟ್ಟರು, ನನ್ನ ಮುಖ ನೋಡಿದರು, ಕಾಲು ಹಿಂದೆ ತೆಗೆದರು. ಬಂದರೆ ಪರೀಕ್ಷೆ ಕೆಡುತ್ತದೆ, ಬರದಿದ್ದರೆ ಗಂಡ ಬೀಳುತ್ತಾನೆ. ಆ ತಾಯಿ ಬಾಯಿಗೆ ಸೆರಗು ಒತ್ತಿಕೊಂಡು ನಿಂತೇಬಿಟ್ಟರು.

ಮುಂದಿನ ಸುತ್ತಿನಲ್ಲಿ ಅವನ ಮುಖದ ತುಂಬ ಬೆವರು. ಹಾದುಹೋಗುತ್ತಾ, "ಸಾರ್, ಅವಳ್ನ ಬುಡಿ ಸಾರ್," ಎಂದ.

ಬಿಡುವಷ್ಟು ಹೊತ್ತೂ ಇರಲಿಲ್ಲ. ಖಾಕಿ ಹಾಕಿಕೊಂಡ ನಾನೇ ಓಡಿಹೋಗಿ ಎಡಗಡೆಯಿಂದ ಹ್ಯಾಂಡಲ್ಲಿಗೂ ಅವನ ಭುಜಕ್ಕೂ ಆತುಕೊಂಡೆ. ಗಾಡಿ ನಿಂತಿತು. ಅಬ್ಬಾ, ಏನು ಭಾರ! ಗಂಡಸಾದ ನಾನೇ ಎರಡು ಹೆಜ್ಜೆ ಹಿಂದೆ ಸರಿದು ತಡೆಯಬೇಕಾಯಿತು. ಆಕೆ ಇದನ್ನು ದಿನಕ್ಕೆ ಎಷ್ಟು ಸಲ ಹೊರುತ್ತಿದ್ದರೋ.

ರಿನ್ಯೂವಲ್ ಇಲ್ಲ ಎಂದು ಬರೆದೆ. ಬೇರೆ ಏನು ಬರೆಯಲಿ? ನಾಳೆ ಎದುರಿಗೆ ಲಾರಿ ಬಂದು, ಹಿಂದೆ ಕೂತವರ ಸೀರೆ ಎಲ್ಲೋ ಸಿಕ್ಕಿ, ಒಂದು ಕ್ಷಣ ತಡವಾದರೆ ಇಬ್ಬರೂ ಲಾರಿಯಡಿಗೆ.

"ಸಾರ್, ಇಬ್ರಿಗೂ ಸೇರ್ಸಿ ಒಂದೇ ಲೈಸೆನ್ಸ್ ಕೊಡೋಕಾಗಲ್ವಾ?" ಎಂದರು ಸರೋಜಮ್ಮ. ತಮಾಷೆಗೆ ಕೇಳಿದ್ದಲ್ಲ. "ಓಡ್ಸೋದು ಅವ್ರು, ನಿಲ್ಸೋದು ನಾನು ಅಂತ ಬರ್ಕೊಂಡ್ಬುಡಿ."

"ಕಾನೂನಿನಲ್ಲಿ ಅಂಥದ್ದಿಲ್ಲಮ್ಮ."

"ಲೈಸೆನ್ಸಿಲ್ದೆ ಓಡ್ಸಿ ಸಿಕ್ಕಾಕ್ಕೊಂಡ್ರೆ ಇವಳ ಕೆಲ್ಸಕ್ಕೇ ಸಂಚಕಾರ," ಎಂದ ತಿಮ್ಮರಾಯಪ್ಪ, ಯಾರಿಗೋ ಹೇಳುವವನಂತೆ.

ಮೇಲಧಿಕಾರಿಗಳನ್ನು ಕೇಳಿದೆ. ಅಂಗವಿಕಲರ ವಾಹನ ಎಂದು ಎರಡು ಪಕ್ಕಚಕ್ರ ಹಾಕಿಸಿಕೊಂಡು ಬಂದರೆ ಕೊಡಬಹುದು ಎಂದರು. ಖುಷಿಯಿಂದ ಹೇಳಿಕಳಿಸಿದೆ. ಆ ಗಾಡಿಯ ಮೇಲೆ ಹಾಗೆ ಚಕ್ರ ಕೂರಿಸಲು ಒಪ್ಪುವ ಮೆಕ್ಯಾನಿಕ್ ಸಿಕ್ಕಲು ಕೆಲವು ತಿಂಗಳು ಹಿಡಿಯಿತು. ಅದೇ ಹೊತ್ತಿಗೆ ಬೇರೆ ಕೆಲಸದ ಮೇಲೆ ನಾನು ಅಂಚೆಟ್ಟಿಗೆ ಹೋಗಿದ್ದವನು ಅವರ ದಾರಿಯನ್ನು ಕಣ್ಣಾರೆ ಕಂಡೆ. ಟಾರು ರಸ್ತೆ ಬಿಟ್ಟ ಮೇಲೆ ಒಂದು ಮೋಟಾರ್‌ಸೈಕಲ್ ಹಿಡಿಯುವಷ್ಟೇ ಅಗಲದ ಕಾಲುದಾರಿ. ಒಂದು ಬದಿ ಬಂಡೆ, ಇನ್ನೊಂದು ಬದಿ ಇಳಿಜಾರು. ಪಕ್ಕಚಕ್ರ ಎಲ್ಲಿ ಉರುಳಬೇಕು? ಪರೀಕ್ಷೆಗೆ ಬರುವ ಮುಂಚೆ ಒಮ್ಮೆ ಓಡಿಸಿ ನೋಡಿದಾಗಲೇ ಅದು ಬಂಡೆಗೆ ಏರಿ ಗಾಡಿ ಮಗುಚಿ ಬಿದ್ದಿತ್ತು. ಪುಣ್ಯಕ್ಕೆ ತಿಮ್ಮರಾಯಪ್ಪ ಬಿದ್ದದ್ದು ಬಲಮಗ್ಗುಲಿಗೆ. "ನಿಮ್ಮ ಚಕ್ರ ಹೊಸೂರಿಗೆ ಸರಿ ಸಾರ್," ಎಂದು ನಕ್ಕ. ನನಗೆ ನಗು ಬರಲಿಲ್ಲ. ರೂಲು ಹೇಳಿದವನು ನಾನು, ಬಿದ್ದವನು ಅವನು.

ಆ ತಿಂಗಳುಗಳಲ್ಲೆಲ್ಲ ಸರೋಜಮ್ಮ ಹೆರಿಗೆಗಳಿಗೆ ನಡೆದೇ ಹೋಗುತ್ತಿದ್ದರು. ಒಂದು ಹಳ್ಳಿಗೆ ಇವರು ಮುಟ್ಟುವ ಹೊತ್ತಿಗೆ ಮಗು ಹುಟ್ಟಿ, ತಾಯಿಗೆ ರಕ್ತಸ್ರಾವ ನಿಲ್ಲದೆ ಕಟ್ಟಿಗೆ ಲಾರಿಯಲ್ಲಿ ಹೊಸೂರಿಗೆ ಸಾಗಿಸಬೇಕಾಯಿತಂತೆ. ಆ ಬಾಣಂತಿ ಬದುಕಿದಳು. "ಇನ್ನೊಬ್ಳು ಬದುಕ್ತಾಳೆ ಅಂತ ಏನ್ ಗ್ಯಾರಂಟಿ ಸಾರ್?" ಎಂದು ಸರೋಜಮ್ಮ ನನ್ನ ಕಣ್ಣಿಗೆ ಕಣ್ಣಿಟ್ಟು ಕೇಳಿದರು. ತಲೆ ತಗ್ಗಿಸಿ ಜೀಪು ಹತ್ತಿದೆ.

ಮರುವರ್ಷ ಆಕೆಯೇ ಮೈದಾನಕ್ಕೆ ಬಂದರು. ಕಾರ್ಖಾನೆ ಹುಡುಗರು ಓಡಿಸುವಂಥ ಮೊಪೆಡ್ಡು, ಮೇಲೆ ಬಿಳಿ ಸೀರೆ. ಕಲಿಸಿದವನು ಗಂಡನೇ. ಈ ಸಲ ಹಗ್ಗದ ಆಚೆ ಕೋಲು ಊರಿ ನಿಂತವನು ಅವನು. ಆಕೆ ಎಂಟು ಹಾಕಿದರು. ಕೈ ಎತ್ತಿದೆ. ಮೊಪೆಡ್ ನಿಧಾನವಾಯಿತು, ಅದು ನಿಲ್ಲುವ ಮೊದಲೇ ಸರೋಜಮ್ಮ ಅಭ್ಯಾಸಬಲದಿಂದ ಎಡಕ್ಕೆ ಧುಮುಕಿಬಿಟ್ಟರು! ಮೊಪೆಡ್ ತನ್ನ ಪಾಡಿಗೆ ಹೋಗಿ ಸುಣ್ಣದ ಗೆರೆಯ ಮೇಲೆ ಮಗುಚಿಕೊಂಡಿತು. ಮೈದಾನವೆಲ್ಲ ನಗೆ. ಹಗ್ಗದ ಆಚೆ ತಿಮ್ಮರಾಯಪ್ಪನೂ ನಕ್ಕ, ನಗುತ್ತ ನಗುತ್ತಲೇ ಅತ್ತುಬಿಟ್ಟ. ನಾನು ಕಾಗದ ನೋಡುವವನಂತೆ ತಿರುಗಿಕೊಂಡೆ. ಆಕೆಯನ್ನೂ ಫೇಲ್ ಮಾಡಬೇಕಾಯಿತು. ಮುಂದಿನ ಸಲ ಬಂದಾಗ, "ಕೂತೇ ಇರು, ಕೂತೇ ಇರು ಕಣೇ!" ಎಂದು ಅವನು ಹೊರಗಿನಿಂದ ಕೂಗುತ್ತಿದ್ದ. ನಾನು ಸುಮ್ಮನಿರು ಎನ್ನಲಿಲ್ಲ. ಆಕೆ ಪಾಸಾದರು.

ಲೈಸೆನ್ಸ್ ಕೈಗೆ ಬಂದ ದಿನ ಇಬ್ಬರೂ ಕ್ಯಾಂಪಿಗೆ ಬಂದಿದ್ದರು. ಆಕೆಯ ಮುಖದಲ್ಲಿ ಸಂತೋಷ ಬಂದಷ್ಟೇ ಬೇಗ ಮಾಯವಾಗುತ್ತಿತ್ತು. ಬೆಟ್ಟದ ಹಳ್ಳಿಯಿಂದ ಬೆಳಿಗ್ಗೆ ಹೇಳಿಕಳಿಸಿದ್ದಾರೆ, ಬಸುರಿಯೊಬ್ಬಳನ್ನು ನೋಡಬೇಕು, ಈಗಲೇ ಹೊರಡಬೇಕು ಎಂದರು. ಆ ಮೊಪೆಡ್ಡು ಇಬ್ಬರನ್ನು ಹೊತ್ತು ಬೆಟ್ಟ ಹತ್ತುವುದಿಲ್ಲ. ಗಂಡನ ಮುಖ ನೋಡುತ್ತ ನಿಂತರು.

"ಹೋಗು ಹೋಗು, ನಾನು ಬಸ್ಗೆ ಬತ್ತೀನಿ," ಎಂದ ಅವನು. ಆಕೆ ಹೋದರು. ಗಾಡಿ ರಸ್ತೆಯ ತಿರುವು ದಾಟುವವರೆಗೂ ನೋಡಿ, ನನ್ನ ಕಡೆ ತಿರುಗಿ, "ಈ ಕಾಲು ಯಾತಕ್ಕೆ ಮಾಡಿಸ್ಕೊಂಡೆ ಸಾರ್ ನಾನು?" ಎಂದ.

ನಿರೀಕ್ಷಕನ ಕೆಲಸ ನನಗೆ ಕಲಿಸಿದ್ದೇನು ಎಂದು ಯಾರಾದರೂ ಕೇಳಿದರೆ ಆ ಮಾತೇ ನೆನಪಾಗುತ್ತದೆ. ನಾನು ಬರೆದ ತೀರ್ಪು ಸರಿಯೇ ಆಗಿತ್ತು. ಇವತ್ತು ಮತ್ತೆ ಆ ಕುರ್ಚಿಯಲ್ಲಿ ಕೂರಿಸಿದರೂ ಹಾಗೆಯೇ ಬರೆಯುತ್ತೇನೆ. ಸರಿಯಾದದ್ದನ್ನು ಮಾಡಿಯೂ ಒಬ್ಬ ಮನುಷ್ಯನಿಗೆ ಹೇಳಲು ಒಂದು ಮಾತಿಲ್ಲದೆ ನಿಲ್ಲಬೇಕಾಗುತ್ತದೆ ಎಂಬುದನ್ನು ಮಾತ್ರ ಯಾವ ಟ್ರೈನಿಂಗಿನಲ್ಲೂ ಹೇಳಿಕೊಟ್ಟಿರಲಿಲ್ಲ.

ಜೀಪಿನಲ್ಲಿ ಬಿಡುತ್ತೇನೆ ಎಂದೆ. ಬೇಡವೆಂದ. ಬಸ್ ಸ್ಟ್ಯಾಂಡಿನವರೆಗೆ ಜೊತೆಯಲ್ಲಿ ನಡೆದೆ. ಅಂಚೆಟ್ಟಿ ಬಸ್ಸು ಬಂತು, ಜನ ನುಗ್ಗಿದರು. ಮೆಟ್ಟಿಲು ಎತ್ತರ. ಅವನು ಬಲಗಾಲು ಇಟ್ಟು, ಕಂಬಿ ಹಿಡಿದು, ಎಡಗಾಲನ್ನು ಕೈಯಿಂದ ಎತ್ತಲು ನೋಡುತ್ತಿದ್ದ. ನಾನು ಕೈ ಚಾಚಿದರೆ ತಲೆಯಾಡಿಸಿ ಬೇಡವೆಂದ. ಕಂಡಕ್ಟರ್ ಸೀಟಿಯನ್ನು ಬಾಯಿಗಿಟ್ಟ. ನಾನು ಬಸ್ಸಿನ ಮುಂದಕ್ಕೆ ಹೋಗಿ ಕೈ ಎತ್ತಿ ನಿಂತೆ. ಬ್ರೇಕ್ ಇನ್ಸ್‌ಪೆಕ್ಟರನ್ನು ಕಂಡು ಡ್ರೈವರ್ ಇಂಜಿನ್ನನ್ನೇ ಆರಿಸಿಬಿಟ್ಟ. ತಿಮ್ಮರಾಯಪ್ಪ ತನ್ನ ಪಾಡಿಗೆ ತಾನು ಹತ್ತಿ, ಒಳಗೆ ಹೋಗಿ ಕೂರುವವರೆಗೂ ಆ ಬಸ್ಸನ್ನು ಕದಲಗೊಡಲಿಲ್ಲ.