ಎಡಕ್ಕೆ ತಿರುಗುವ ಮೇಜು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಚನ್ನಪಟ್ಟಣದ ನನ್ನ ಜೆರಾಕ್ಸ್ ಅಂಗಡಿಗೆ ಬರುವವರಿಗೆಲ್ಲ ಇದು ಗೊತ್ತು. ಕೇಳಿದ್ದನ್ನೇ ಇನ್ನೊಮ್ಮೆ ಕೇಳಿದರೆ ದನಿ ಏರಿಬಿಡುತ್ತದೆ.

ನನ್ನ ತಂಗಿ ಕನಕಪುರದಲ್ಲಿ ಗಣಿತದ ಟೀಚರು. ಪೋಕರ್ ಎಂಬ ಇಸ್ಪೀಟಾಟ ಆಡುತ್ತಾಳೆ, ದುಡ್ಡಿಟ್ಟಲ್ಲ, ಅಂಕಗಳಿಗೆ. ಕಳೆದ ವರ್ಷ ರಾಜ್ಯ ತಂಡಕ್ಕೆ ಆಯ್ಕೆ ಪಂದ್ಯ ನಡೆಯಿತು. ಖಾಲಿ ಇದ್ದದ್ದು ಒಂದೇ ಜಾಗ. ಎರಡು ವರ್ಷದಿಂದ ಅವಳು ಅದಕ್ಕೇ ಕಾದಿದ್ದಳು.

ಮೇಜಿನ ಯಾವ ಕುರ್ಚಿಯಲ್ಲಿ ಕೂತರೆ ಯಾವ ಎಲೆಗಳನ್ನು ಆಡಬೇಕು, ಯಾವುದನ್ನು ಬಿಡಬೇಕು ಎಂದು ಲೆಕ್ಕ ಹಾಕಿಕೊಡುವ ಸಾಲ್ವರ್ ಎಂಬ ಸಾಫ್ಟ್‌ವೇರ್ ಇದೆ. ಅದು ಕೊಡುವ ಪಟ್ಟಿಗೆ ರೇಂಜ್ ಅನ್ನುತ್ತಾರೆ. ಆ ಪಟ್ಟಿಗಳನ್ನು ಅಭ್ಯಾಸದ ಇನ್ನೊಂದು ಸಾಫ್ಟ್‌ವೇರ್‌ಗೆ ತುಂಬಿಕೊಟ್ಟರೆ ಅದು ಫೋನಿನಲ್ಲಿ ಪ್ರಶ್ನೆ ಕೇಳುತ್ತಾ ಬಾಯಿಪಾಠ ಮಾಡಿಸುತ್ತದೆ. ತುಂಬುವ ಕೆಲಸವನ್ನು ನಾನೇ ಮೈಮೇಲೆ ಹಾಕಿಕೊಂಡೆ. ಪರದೆಯ ಮೇಲೆ ಎಂಟು ಕುರ್ಚಿಗಳ ದುಂಡು ಮೇಜು ಬಂತು. ಎಲೆ ಹಂಚುವವನ ಕುರ್ಚಿಯಿಂದ ಶುರುಮಾಡಿ ಒಂದೊಂದು ಕುರ್ಚಿಗೂ ಒಂದೊಂದು ಪಟ್ಟಿ ಜೋಡಿಸಿದೆ. ಅರ್ಧ ಗಂಟೆಯ ಕೆಲಸ.

ಒಂದು ವಾರ ಕಳೆದ ಮೇಲೆ ತಂಗಿ ಫೋನ್ ಮಾಡಿದಳು. ಮೊದಲು ಆಡುವ ಕುರ್ಚಿಯಲ್ಲಿ ಇಷ್ಟೊಂದು ಎಲೆಗಳನ್ನು ಆಡು ಅನ್ನುತ್ತಿದೆ, ಹಿಂದೆ ಅಷ್ಟು ಜನ ಕಾದಿರುವಾಗ ಅಲ್ಲಿ ತುಂಬಾ ಒಳ್ಳೆಯ ಎಲೆ ಬಂದರೆ ಮಾತ್ರ ಆಡಬೇಕಲ್ಲವಾ ಎಂದು ಕೇಳಿದಳು. ಅಂಗಡಿಯಲ್ಲಿ ಪಹಣಿ ಜೆರಾಕ್ಸಿಗೆ ಜನ ಸಾಲಾಗಿ ನಿಂತಿದ್ದರು.

"ಕಂಪ್ಯೂಟರ್ ಹಾಕಿರೋ ಲೆಕ್ಕ ಕಣೇ ಅದು. ಅದಕ್ಕಿಂತ ನಿಂಗೇ ಜಾಸ್ತಿ ಗೊತ್ತಾ? ಸುಮ್ನೆ ಬಾಯಿಪಾಠ ಮಾಡು," ಅಂದು ಫೋನ್ ಇಟ್ಟೆ.

ಆಮೇಲೆ ಅವಳು ಕೇಳಲಿಲ್ಲ. ಒಪ್ಪಿಕೊಂಡಳು ಅಂದುಕೊಂಡೆ.

ಪಂದ್ಯ ಭಾನುವಾರ ಇತ್ತು. ಶನಿವಾರ ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ, ಅವಳ ಅಭ್ಯಾಸ ಎಲ್ಲಿಗೆ ಬಂತು ನೋಡೋಣ ಎಂದು ಆ ಮೇಜನ್ನು ತೆರೆದೆ. ಮಧ್ಯದಲ್ಲಿ ಸಣ್ಣದೊಂದು ಬಾಣದ ಗುರುತು ಇತ್ತು. ಮೊದಲ ದಿನವೂ ಇದ್ದಿರಬೇಕು, ನಾನು ನೋಡಿರಲಿಲ್ಲ. ಸರದಿ ಎಡಕ್ಕೆ ಹೋಗುತ್ತದೆ ಎಂದು ತೋರಿಸುತ್ತಿತ್ತು.

ನಾವು ದೊಡ್ಡಆಲಹಳ್ಳಿಯವರು. ನಮ್ಮ ಜಗಲಿಯ ಇಸ್ಪೀಟಿನಲ್ಲಿ ಎಲೆ ಹಂಚುವುದು ಬಲಕ್ಕೆ, ಆಟ ನಡೆಯುವುದೂ ಬಲಕ್ಕೆ. ಚಿಕ್ಕಂದಿನಲ್ಲಿ ಎಡಕ್ಕೆ ಹಂಚಿದರೆ ಅಪ್ಪ ಕೈಗೆ ಬಾರಿಸುತ್ತಿದ್ದರು. ಯೋಚನೆಯನ್ನೇ ಮಾಡದೆ ಎಂಟು ಕುರ್ಚಿಗೂ ಬಲಕ್ಕೇ ಪಟ್ಟಿ ಜೋಡಿಸಿದ್ದೆ. ಪೋಕರ್ ಮೇಜು ತಿರುಗುವುದು ಎಡಕ್ಕೆ. ಮೂರು ವಾರ ತಂಗಿ ಒಂದು ಕುರ್ಚಿಯಲ್ಲಿ ಕೂತು ಇನ್ನೊಂದು ಕುರ್ಚಿಯ ಆಟ ಕಲಿತಿದ್ದಳು.

ಹೇಳದೆ ಇದ್ದುಬಿಡಲೇ ಅಂತಲೂ ಒಂದು ಕ್ಷಣ ಅನಿಸಿತು. ಶಟರ್ ಎಳೆದು ಬೈಕಿನಲ್ಲಿ ಕನಕಪುರಕ್ಕೆ ಹೋದೆ. ದಾರಿಯುದ್ದಕ್ಕೂ ಬೈಸಿಕೊಳ್ಳಲು ತಯಾರಾಗುತ್ತಿದ್ದೆ. ಬಾಗಿಲಲ್ಲೇ ನಿಂತು ಎಲ್ಲ ಹೇಳಿದೆ.

ಅವಳು ಬೈಯಲಿಲ್ಲ. ಹೊಸ್ತಿಲ ಮೇಲೆ ಕೂತುಬಿಟ್ಟಳು.

"ನಂಗೆ ಆವತ್ತೇ ಅನುಮಾನ ಇತ್ತು ಕಣಣ್ಣ. ನೀನು ಬೈದ್ಮೇಲೆ, ನಾನೇ ದಡ್ಡಿ ಅಂದ್ಕಂಡು ಗೊತ್ತಿದ್ದುದ್ನೂ ಮರ್ತುಬುಟ್ಟೆ."

ಪಟ್ಟಿಗಳನ್ನು ಸರಿಯಾದ ಕುರ್ಚಿಗಳಿಗೆ ಜೋಡಿಸಿಕೊಟ್ಟೆ. ಕತ್ತಲಾಗುವವರೆಗೆ ಅವಳು ಕಲಿತದ್ದನ್ನು ಅಳಿಸಿ ಮತ್ತೆ ಕಲಿತಳು. ಒಂದು ಸಂಜೆಗೆ ಎಷ್ಟು ಆದೀತು?

ಭಾನುವಾರ ನಾನು ಗೋಡೆಗೊರಗಿ ನೋಡುತ್ತಿದ್ದೆ. ಕೊನೆಯ ಸುತ್ತಿನವರೆಗೂ ಅವಳೇ ಮುಂದಿದ್ದಳು. ಆಮೇಲೆ ಮೊದಲು ಆಡುವ ಕುರ್ಚಿ ಬಂತು. ಬಿಡಬೇಕಾದ ಎಲೆಗಳನ್ನು ಬಿಡದೆ ಅಂಕದ ಬಿಲ್ಲೆಗಳನ್ನು ಪಣಕ್ಕೆ ತಳ್ಳಿದಳು. ತಳ್ಳಿದ ಕ್ಷಣದಲ್ಲೇ ಅವಳಿಗೆ ತಪ್ಪು ತಿಳಿಯಿತು. ಅವಳ ನಂತರ ಆಡುವವರು ಪಣ ಏರಿಸುತ್ತಾ ಹೋದರು. ಅವಳಿಗೆ ಎರಡನೇ ಸ್ಥಾನ ಬಂತು.

ಅಲ್ಲಿಂದ ನೇರ ಊರಿಗೆ ಹೋದೆವು. ಅಪ್ಪ ಏನಾಯಿತು ಎಂದು ಕೇಳಿದಾಗ ನಾನು ಬಾಯಿ ತೆರೆಯುವ ಮೊದಲೇ ತಂಗಿ, "ಗಾಬ್ರಿ ಆಗೋಯ್ತಪ್ಪ" ಅಂದಳು. ಅವಳಿಗೆ ಎದೆಗಾರಿಕೆ ಸಾಲದು, ಅಣ್ಣ ಅಷ್ಟು ಕಷ್ಟಪಟ್ಟು ಕಲಿಸಿದ್ದು ದಂಡವಾಯಿತು ಎಂದು ಅಪ್ಪ ಅವಳಿಗೇ ಬೈದರು. ಅವಳು ತಲೆ ತಗ್ಗಿಸಿ ಊಟ ಬಡಿಸಿದಳು. ನಾನು ಉಂಡೆ.