ಬದುವಿನ ಮೇಲೆ ನಡೆದವರು

ನಾನು ಮೊಬೈಲ್ ಆಟಗಳಿಗೆ ಲೆವೆಲ್ ಕಟ್ಟುವವಳು. ಆಡುವವರು ಎಲ್ಲಿ ನಡೀಬೇಕು, ಎಲ್ಲಿ ಸಾಯಬೇಕು ಅಂತ ಮೊದಲೇ ಗೊತ್ತುಮಾಡೋದೇ ನನ್ನ ಕೆಲಸ.

ಅವತ್ತು ನಂಜನಗೂಡಿನಿಂದ ತಿ. ನರಸೀಪುರಕ್ಕೆ ಹೋಗೋ ಬಸ್ಸಲ್ಲಿ ಹೊಸ ಲೆವೆಲ್ ಆಡಿ ನೋಡ್ತಿದ್ದೆ. ಬೆಳೆದು ನಿಂತ ಭತ್ತದ ಗದ್ದೆ, ಅದರೊಳಗೆ ಅಡಗಿರೋ ಆರು ರಾಕ್ಷಸರು, ಆಚೆಗೊಂದು ಗುಡಿ. ಆಫೀಸಿನಲ್ಲಿ ಒಬ್ಬರೂ ಗೆದ್ದಿರಲಿಲ್ಲ. ನನಗೆ ಅದೇ ಜಂಬ. ಪಕ್ಕದಲ್ಲಿ ಕೂತಿದ್ದ ಸೋಸಲೆ ಕಡೆಯ ರೈತರೊಬ್ಬರು ಇಣುಕಿ ಇಣುಕಿ ನೋಡ್ತಿದ್ದರು. ಫೋನನ್ನೇ ಅವರ ಕೈಗೆ ಕೊಟ್ಟೆ.

"ಗುಡಿ ಮುಟ್ಟಿದರೆ ಗೆದ್ದಂಗೆ, ಯಜಮಾನರೇ. ನೇರವಾಗಿ ನಡೀರಿ."

"ಬೆಳೆ ತುಳ್ಕೊಂಡ್ ಓಗದಾ?" ಪರರ ಗದ್ದೆಗೆ ದನ ನುಗ್ಗಿಸಿದವಳನ್ನು ನೋಡೋ ಹಾಗೆ ನೋಡಿದರು. "ತೆನೆ ಬಂದೈತೆ ಕಣವ್ವಾ!"

"ಅದು ನಿಜವಾದ ಭತ್ತ ಅಲ್ಲ."

"ಯಾರ್ದಾದ್ರೂ ಬೆಳೆ ಬೆಳೆನೇಯಾ."

ಚೆಂದಕ್ಕೆ ಅಂತ ನಾನು ಗದ್ದೆ ಸುತ್ತ ಹಾಕಿದ್ದ ಬದುವಿನ ಮೇಲೆ ಅವರ ಹೆಬ್ಬೆರಳು ನಿಧಾನಕ್ಕೆ ಸಾಗಿತು. ಆರೂ ರಾಕ್ಷಸರು ಭತ್ತದೊಳಗೆ ಕಾಯ್ತಾ ಕೂತೇ ಇದ್ದರು. ಗೆದ್ದಿರಿ ಅಂತ ಗುಡಿಯ ಗಂಟೆ ಹೊಡೀತು. "ಇಷ್ಟೇಯಾ?" ಅಂತ ಫೋನ್ ವಾಪಸ್ ಕೊಟ್ಟು, ಬಸ್ ಸ್ಟ್ಯಾಂಡಿನಲ್ಲಿ ಇಳಿದುಹೋದರು.

ಆ ವಾರವೇ ಗದ್ದೆ ಕೊಯ್ಯಿಸಿದೆ. ರಾಕ್ಷಸರನ್ನು ಭತ್ತ ಬಡಿಯೋ ಕಣಕ್ಕೆ ತಂದು ಹುಲ್ಲಿನ ಮೆದೆಗಳ ಹಿಂದೆ ನಿಲ್ಲಿಸಿದೆ. ಇನ್ನು ಹೇಗೆ ತಪ್ಪಿಸಿಕೊಳ್ತಾರೋ ನೋಡೇಬಿಡೋಣ ಅಂತ ಫೋನನ್ನು ಅಮ್ಮನ ಕೈಗೆ ಕೊಟ್ಟೆ. ಅಮ್ಮ ಕಣದ ಅಂಚಿಗೆ ಬಂದು ನಿಂತುಬಿಟ್ಟಳು.

"ಕಣ ತುಳಿಯೋ ಮುಂಚೆ ಚಪ್ಪಲಿ ಎಲ್ಲಿ ಬಿಡೋದೇ?"

ಈಗ ಅದಕ್ಕೊಂದು ಬಟನ್ ಕೂರಿಸ್ತಾ ಇದ್ದೀನಿ.